ಮಲೆನಾಡಿನಲ್ಲಿ ಹೋಂಸ್ಟೇ ತೆರೆಯುವ ಮುನ್ನ: ಕೊಠಡಿಗಿಂತ ಮೊದಲು ದುಡಿಮೆಯ ಲೆಕ್ಕ

ತೋಟದ ಮನೆಯಲ್ಲಿ ಹೋಂಸ್ಟೇ ಮಾಡಬೇಕೆಂದಿರುವವರು ಎಲ್ಲಕ್ಕಿಂತ ಮೊದಲು ತಮ್ಮ ವರ್ಷದ ಕೆಲಸವನ್ನು ತಿಂಗಳುವಾರು ಬರೆದುಕೊಳ್ಳಬೇಕು. ಅರೇಬಿಕಾ ಕಾಫಿ ಹಣ್ಣಾಗುವುದು ನವೆಂಬರಿನಿಂದ ಜನವರಿಯವರೆಗೆ. ಡಿಸೆಂಬರಿನಲ್ಲಿ ಹಗಲೆಲ್ಲ ಹಣ್ಣು ಬಿಡಿಸುವ ಕೆಲಸ, ಸಂಜೆ ಅಳತೆ, ರಾತ್ರಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಕೆಲಸ, ಮರುದಿನ ಕಣದಲ್ಲಿ ಹರಡಿ ಕೈಯಾಡಿಸುವುದು. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ ಕಾಫಿಯ ಕೊಯ್ಲು ಶುರುವಾಗಿ ಮಾರ್ಚಿನವರೆಗೂ ಎಳೆಯುತ್ತದೆ. ಅಡಿಕೆಯಿರುವ ಮನೆಗಳಲ್ಲಿ ಸುಲಿಯುವುದು, ಬೇಯಿಸುವುದು ಇದೇ ತಿಂಗಳುಗಳಲ್ಲಿ. ಬೆಂಗಳೂರಿನಿಂದ ಅತಿಥಿಗಳು ಸಾಲುಗಟ್ಟಿ ಬರುವುದೂ ಆಗಲೇ: ದೀಪಾವಳಿ ರಜೆ, ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ, ಗಣರಾಜ್ಯೋತ್ಸವದ ವಾರಾಂತ್ಯ. ತೋಟಕ್ಕೆ ಹೆಚ್ಚು ಕೈಗಳು ಬೇಕಾದ ವಾರಗಳಲ್ಲೇ ಅಡುಗೆಮನೆಗೂ ಹೆಚ್ಚು ಕೈಗಳು ಬೇಕು.

ಹೋಂಸ್ಟೇ ಕುರಿತ ಮಾತುಕತೆಗಳಲ್ಲಿ ಎಷ್ಟು ಕೊಠಡಿ, ಎಷ್ಟು ಬಂಡವಾಳ, ಯಾವ ಆ್ಯಪ್ ಎಂಬ ಪ್ರಶ್ನೆಗಳು ಬೇಗ ಬರುತ್ತವೆ. ಬೆಳಗ್ಗೆ ಐದೂವರೆಗೆ ಏಳುವವರು ಯಾರು ಎಂಬ ಪ್ರಶ್ನೆ ಬರುವುದು ಕೊನೆಗೆ. ಎಷ್ಟೋ ಮನೆಗಳಲ್ಲಿ ಅದು ಬರುವುದೇ ಇಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ಆ ಉತ್ತರವನ್ನು ಗೊತ್ತೆಂದು ಬಿಟ್ಟುಬಿಡಬಾರದು ಎಂಬುದು ಈ ಲೇಖನದ ಆಗ್ರಹ.

ಮನೆ ಎಂದರೆ ಎಷ್ಟು ಕೊಠಡಿ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಯೋಜನೆಯ ಪ್ರಕಾರ ಅತಿಥಿಗಳಿಗೆ ಕೊಡಬಹುದಾದ ಕೊಠಡಿಗಳು ಒಂದರಿಂದ ಆರು, ಹಾಸಿಗೆಗಳು ಹೆಚ್ಚೆಂದರೆ ಹನ್ನೆರಡು. ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಸೌಲಭ್ಯಗಳನ್ನು ನೋಡಿ ಚಿನ್ನ, ಬೆಳ್ಳಿ ಎಂದು ಎರಡು ದರ್ಜೆ ಮಾಡುತ್ತಾರೆ. ಮಾಲೀಕರು ಬೆಂಗಳೂರಿನಲ್ಲಿದ್ದು ತೋಟದಲ್ಲೊಬ್ಬ ಮೇಸ್ತ್ರಿಯನ್ನು ಇಟ್ಟು ನಡೆಸುವ ಹದಿನೈದು ಕೊಠಡಿಗಳ ಕಟ್ಟಡ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ಲಾಡ್ಜ್ ಅಥವಾ ರೆಸಾರ್ಟ್. ಅದರ ಪರವಾನಗಿ, ತೆರಿಗೆ, ಅಗ್ನಿ ಸುರಕ್ಷತೆಯ ನಿಯಮಗಳು ಬೇರೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇ ಬೆಳೆದ ಬಗೆಯನ್ನು ನೆನೆದರೆ ಈ ನಿಯಮದ ಹಿಂದಿನ ವಿವೇಕ ಅರ್ಥವಾಗುತ್ತದೆ. 2000ದ ಆಸುಪಾಸಿನಲ್ಲಿ ಜಗತ್ತಿನೆಲ್ಲೆಡೆ ಕಾಫಿ ಬೆಲೆ ಕುಸಿಯಿತು. ಕೂಲಿ, ಗೊಬ್ಬರದ ಖರ್ಚೂ ಹುಟ್ಟದ ವರ್ಷಗಳವು. ಮಕ್ಕಳು ಓದಿಗಾಗಿ, ಕೆಲಸಕ್ಕಾಗಿ ಊರು ಬಿಟ್ಟಿದ್ದ ದೊಡ್ಡ ಮನೆಗಳಲ್ಲಿ ಕೊಠಡಿಗಳು ಖಾಲಿಯಿದ್ದವು. ಇರುವ ಕೊಠಡಿಗೆ ಸುಣ್ಣಬಣ್ಣ ಮಾಡಿಸಿ, ಪಕ್ಕದಲ್ಲೊಂದು ಬಚ್ಚಲು ಕಟ್ಟಿಸಿ, ಮನೆಯ ಊಟವನ್ನೇ ಬಡಿಸಿ ಒಂದಿಷ್ಟು ಹಣ ಕಾಣಲು ಹಲವು ಕುಟುಂಬಗಳು ಮುಂದಾದವು. ಮನೆ ಮೊದಲೇ ಇತ್ತು, ಅಡುಗೆಯೂ ಹೇಗಿದ್ದರೂ ಆಗುತ್ತಿತ್ತು. ಆದ್ದರಿಂದಲೇ ಲೆಕ್ಕ ಕೂಡಿಬಂತು. ಮುಂದೆ ಕೆಲವರು ಸಾಲ ತೆಗೆದು ಕಾಟೇಜುಗಳ ಸಾಲು ಕಟ್ಟಿ ಅದಕ್ಕೂ ಹೋಂಸ್ಟೇ ಎಂದೇ ಹೆಸರಿಟ್ಟರು. ಆ ಎರಡನೆಯ ದಾರಿಯನ್ನು ನೋಡಿ ಮೊದಲನೆಯದಕ್ಕೆ ಯೋಜನೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ತೀರ್ಮಾನವೂ ಆರಂಭದಲ್ಲೇ ಆಗಬೇಕು. ಮೈಸೂರಿನ ಹಳೆಯ ಬಡಾವಣೆಯಲ್ಲೋ ಗೋಕರ್ಣದ ಪೇಟೆಯಲ್ಲೋ ಮನೆಯಿದ್ದರೆ ಹಾಸಿಗೆ ಮತ್ತು ಬೆಳಗಿನ ತಿಂಡಿ ಕೊಟ್ಟರೆ ಸಾಕು. ಮಧ್ಯಾಹ್ನಕ್ಕೂ ರಾತ್ರಿಗೂ ಅತಿಥಿಗಳು ಹೊರಗೆ ಊಟ ಮಾಡಿಕೊಳ್ಳುತ್ತಾರೆ. ಕೊಪ್ಪ, ಮೂಡಿಗೆರೆ, ಸೋಮವಾರಪೇಟೆಯ ಕಡೆಯ ಒಳತೋಟದಲ್ಲಿ ಹಾಗೆ ಮಾಡಲಾಗದು. ರಾತ್ರಿ ಎಂಟಕ್ಕೆ ಹತ್ತು ಕಿಲೋಮೀಟರ್ ಕಾಡುದಾರಿಯಲ್ಲಿ ಹೋಟೆಲ್ ಹುಡುಕಿಕೊಂಡು ಹೋಗಿ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಆದ್ದರಿಂದ ಮಲೆನಾಡಿನ ಹೋಂಸ್ಟೇ ಎಂದರೆ ಸಂಜೆಯ ಕಾಫಿ–ತಿಂಡಿ, ರಾತ್ರಿಯೂಟ, ಬೆಳಗಿನ ತಿಂಡಿ, ಮತ್ತು ಅರ್ಧಕ್ಕರ್ಧ ಸಲ ಮಧ್ಯಾಹ್ನದ ಊಟವೂ ಹೌದು. ದರವನ್ನು ಕೊಠಡಿಗೆ ಇಷ್ಟೆನ್ನದೆ ತಲೆಗೆ ಇಷ್ಟೆಂದು ಹೇಳುವ ರೂಢಿ ಬಂದದ್ದೂ ಇದರಿಂದಲೇ.

ಒಂದು ದಿನದ ಕೆಲಸ

ಮೂರು ಕೊಠಡಿ, ಆರು ಅತಿಥಿಗಳು ಎಂದಿಟ್ಟುಕೊಳ್ಳಿ. ಪಕ್ಷಿ ನೋಡಲು ಹೊರಡುವವರಿಗೆ ಆರಕ್ಕೆ ಕಾಫಿಯಾಗಬೇಕು. ಎಂಟೂವರೆಗೆ ತಿಂಡಿಯೆಂದರೆ ಕಡುಬಿನ ಹಿಟ್ಟು ಹಿಂದಿನ ರಾತ್ರಿಯೇ ಸಿದ್ಧವಾಗಿರಬೇಕು. ಅಕ್ಕಿರೊಟ್ಟಿಯಾದರೆ ಒಬ್ಬರು ಒಲೆ ಬಿಟ್ಟು ಕದಲುವಂತಿಲ್ಲ, ಅದನ್ನು ಬಿಸಿಯಾಗಿಯೇ ತಿನ್ನಬೇಕು. ಹನ್ನೊಂದಕ್ಕೆ ಹಳಬರು ಹೊರಟು ಒಂದು ಗಂಟೆಗೆ ಹೊಸಬರು ಬರುವ ದಿನ ನಡುವಿನ ಎರಡು ಗಂಟೆಯಲ್ಲಿ ಮೂರು ಕೊಠಡಿಗಳ ಹಾಸಿಗೆ ಬದಲಿಸಿ, ಬಚ್ಚಲು ತಿಕ್ಕಿ, ನೆಲ ಒರೆಸಿ, ಕುಡಿಯುವ ನೀರಿಡಬೇಕು. ಮೂರಕ್ಕೆ ಬರುತ್ತೇವೆಂದವರು ಘಾಟಿಯಲ್ಲಿ ಸಿಕ್ಕಿಬಿದ್ದು ರಾತ್ರಿ ಒಂಬತ್ತಕ್ಕೆ ಬರುವುದುಂಟು. ಆಗ ಊಟವನ್ನು ಮತ್ತೆ ಬಿಸಿ ಮಾಡಬೇಕು. ಅವರ ಕಾರಿನ ಚಾಲಕರಿಗೂ ಊಟ, ಮಲಗಲು ಜಾಗ ಬೇಕು. ಇಡೀ ದಿನ ಘಾಟಿ ಹತ್ತಿಸಿ ಬಂದವರನ್ನು ಕಾರಿನಲ್ಲೇ ಮಲಗಿಸುವುದು ತಪ್ಪು. ಯೋಜನೆ ಹಾಕುವಾಗಲೇ ಒಂದು ಸಣ್ಣ ಕೋಣೆಯನ್ನು ಅವರಿಗೆಂದು ಎತ್ತಿಡಿ.

ಇಷ್ಟರಲ್ಲಿ ಯಾವ ಕೆಲಸ ಯಾರದೆಂದು ಒಂದು ಹಾಳೆಯಲ್ಲಿ ಬರೆಯಿರಿ. ಬಹುಪಾಲು ಮನೆಗಳಲ್ಲಿ ಅತಿಥಿಗಳೊಂದಿಗೆ ಜಗಲಿಯಲ್ಲಿ ಕುಳಿತು ತೋಟದ ಕಥೆ ಹೇಳುವವರು ಗಂಡಸರು, ಒಲೆಯ ಮುಂದೆ ನಿಲ್ಲುವವರು ಅಮ್ಮ, ಹೆಂಡತಿ, ಅತ್ತಿಗೆ. ಹೊಗಳಿಕೆ ಊಟಕ್ಕೆ ಸಿಗುತ್ತದೆ, ಹಣ ಮನೆ ಯಜಮಾನರ ಖಾತೆಗೆ ಹೋಗುತ್ತದೆ. ಮೂರು ವರ್ಷ ಚೆನ್ನಾಗಿ ನಡೆದ ಹೋಂಸ್ಟೇ ಒಮ್ಮೆಲೇ ಮುಚ್ಚಿದ್ದು ಕಂಡರೆ, ಅತಿಥಿಗಳ ಕೊರತೆಯೇ ಕಾರಣವೆಂದುಕೊಳ್ಳಬೇಡಿ. ಅಡುಗೆ ಮಾಡುವವರ ಬೆನ್ನು, ಮಂಡಿ, ಮನಸ್ಸು ದಣಿದಿರುವುದೂ ಅಷ್ಟೇ ಸಾಮಾನ್ಯ. ಆದ್ದರಿಂದ ಯೋಜನೆಯ ಮೊದಲ ಮಾತು ಅವರೊಂದಿಗೆ ಆಗಬೇಕು. ವಾರಕ್ಕೆ ಎಷ್ಟು ದಿನ, ಎಷ್ಟು ಜನಕ್ಕೆ ಅಡುಗೆ ಮಾಡಲು ಅವರಿಗೆ ಇಷ್ಟ? ಹಬ್ಬ, ಮದುವೆ, ತವರಿಗೆ ಹೋಗುವ ದಿನಗಳಲ್ಲಿ ಬಾಗಿಲು ಮುಚ್ಚಲು ಎಲ್ಲರೂ ಒಪ್ಪುತ್ತಾರೆಯೇ? ಅವರ ಸಂಬಳ ಎಷ್ಟು, ಯಾವ ಖಾತೆಗೆ? ಇದಕ್ಕೆ ಉತ್ತರ ಸಿಕ್ಕ ಮೇಲೆ ಕೊಠಡಿಗಳ ಸಂಖ್ಯೆ ತಾನಾಗಿ ನಿರ್ಧಾರವಾಗುತ್ತದೆ.

ಹಣದ ಲೆಕ್ಕ

ಒಂದು ಮಾದರಿ ಲೆಕ್ಕ ಹಾಕೋಣ. ಅಂಕಿಗಳು ನಿಮ್ಮ ಊರಿಗೆ ತಕ್ಕಂತೆ ಬದಲಾಗುತ್ತವೆ, ಲೆಕ್ಕದ ನಡೆ ಬದಲಾಗುವುದಿಲ್ಲ.

ಮೂರು ಕೊಠಡಿ, ವರ್ಷದ 365 ರಾತ್ರಿ ಎಂದರೆ 1,095 ಕೊಠಡಿ–ರಾತ್ರಿಗಳು. ಎಲ್ಲವೂ ತುಂಬುವುದಿಲ್ಲ. ಮಲೆನಾಡಿಗೆ ಜನ ಬರುವುದು ಹೆಚ್ಚಾಗಿ ಶುಕ್ರವಾರ, ಶನಿವಾರದ ರಾತ್ರಿಗಳಿಗೆ. ಮಾರ್ಚಿನಲ್ಲಿ ಪರೀಕ್ಷೆಗಳಿರುವುದರಿಂದ ಕುಟುಂಬಗಳು ಹೊರಡುವುದಿಲ್ಲ, ಜುಲೈ–ಆಗಸ್ಟಿನಲ್ಲಿ ಮಳೆ ನೋಡಬೇಕೆನ್ನುವವರು ಮಾತ್ರ ಬರುತ್ತಾರೆ. ಹೊಸಬರು ನೂರಕ್ಕೆ ಇಪ್ಪತ್ತೈದರಷ್ಟು ತುಂಬುತ್ತದೆಂದು ಇಟ್ಟುಕೊಳ್ಳುವುದು ಕ್ಷೇಮ. ಅಂದರೆ ಸುಮಾರು 275 ಕೊಠಡಿ–ರಾತ್ರಿ, ಕೊಠಡಿಗೆ ಇಬ್ಬರಂತೆ 550 ಜನ. ತಲೆಗೆ ಊಟ ಸೇರಿ 1,800 ರೂಪಾಯಿಯಾದರೆ ವರ್ಷದ ವಹಿವಾಟು 9,90,000 ರೂಪಾಯಿ.

ಈಗ ಖರ್ಚು. ಬುಕಿಂಗ್ ತಾಣಗಳು ಸಾಮಾನ್ಯವಾಗಿ ನೂರಕ್ಕೆ 15ರಿಂದ 25ರವರೆಗೆ ಕಮಿಷನ್ ಹಿಡಿಯುತ್ತವೆ. ಅರ್ಧದಷ್ಟು ಜನ ಅವುಗಳ ಮೂಲಕ ಬಂದು ನೂರಕ್ಕೆ 18 ಹೋದರೆ 89,100. ಊಟದ ಸಾಮಾನು ತಲೆಗೆ 450ರಂತೆ 2,47,500. ಸಹಾಯಕ್ಕೊಬ್ಬರ ಸಂಬಳ ತಿಂಗಳಿಗೆ 14,000ದಂತೆ 1,68,000. ಕರೆಂಟು, ಗ್ಯಾಸು, ಬಟ್ಟೆ ಒಗೆತ, ಇಂಟರ್ನೆಟ್ ಸೇರಿ ತಿಂಗಳಿಗೆ 10,000ದಂತೆ 1,20,000. ರಿಪೇರಿ, ಹೊಸ ಹಾಸಿಗೆ, ಬಣ್ಣ ಎಂದು ವರ್ಷಕ್ಕೆ ಒಂದು ಲಕ್ಷ. ಎಲ್ಲ ಕಳೆದರೆ ಉಳಿಯುವುದು 2,65,400. ತಿಂಗಳಿಗೆ ಸುಮಾರು 22,000.

ಈ 22,000ವನ್ನು ಲಾಭವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮನೆಯವರಿಬ್ಬರ ದುಡಿಮೆಗೆ ಸಂಬಳ ಇನ್ನೂ ಹಾಕಿಲ್ಲ. ಇಬ್ಬರಿಗೂ ಹಂಚಿದರೆ ತಲೆಗೆ ಹನ್ನೊಂದು ಸಾವಿರ, ಅಂದರೆ ಸಹಾಯಕರಿಗಿಂತ ಕಡಿಮೆ. ಇದರ ಮೇಲೆ ಕಾಟೇಜು ಕಟ್ಟಲು 12 ಲಕ್ಷ ಸಾಲ ಮಾಡಿದ್ದರೆ, ನೂರಕ್ಕೆ 11ರ ಬಡ್ಡಿ, ಏಳು ವರ್ಷದ ಅವಧಿಯಲ್ಲಿ ತಿಂಗಳ ಕಂತೇ ಸುಮಾರು 20,500 ಬರುತ್ತದೆ. ಆಗ ಏಳು ವರ್ಷ ಬ್ಯಾಂಕಿಗಾಗಿಯೇ ಅಡುಗೆ ಮಾಡಿದಂತೆ. ಇರುವ ಕೊಠಡಿಗಳಲ್ಲೇ ಶುರು ಮಾಡಿ ಎಂದು ಇಷ್ಟು ಒತ್ತಿ ಹೇಳುವುದು ಈ ಕಾರಣಕ್ಕೆ.

ಇದೇ ಲೆಕ್ಕದಲ್ಲಿ ಭರವಸೆಯ ಮಾತೂ ಇದೆ. ತುಂಬುವಿಕೆ ನೂರಕ್ಕೆ 35ಕ್ಕೆ ಏರಿದರೆ ಅತಿಥಿಗಳು 766 ಆಗುತ್ತಾರೆ, ಉಳಿಯುವುದು 5,22,000 ರೂಪಾಯಿ. ಅತಿಥಿಗಳು ಹೆಚ್ಚಿದ್ದು ಸುಮಾರು ನೂರಕ್ಕೆ ನಲವತ್ತು, ಉಳಿತಾಯ ಹೆಚ್ಚೂಕಡಿಮೆ ಎರಡರಷ್ಟು. ಸಂಬಳ, ಇಂಟರ್ನೆಟ್, ರಿಪೇರಿಯ ಹಣ ಅತಿಥಿ ಬಂದರೂ ಹೋಗುತ್ತದೆ, ಬಾರದಿದ್ದರೂ ಹೋಗುತ್ತದೆ. ಹೆಚ್ಚುವರಿಯಾಗಿ ಬಂದ ಒಬ್ಬರಿಂದ ಊಟದ ಸಾಮಾನು ಮತ್ತು ಸರಾಸರಿ ಕಮಿಷನ್ ಕಳೆದರೆ 1,188 ರೂಪಾಯಿ ನೇರವಾಗಿ ಮನೆಗೆ ಉಳಿಯುತ್ತದೆ. ಹಾಗಾಗಿ ಕೊಠಡಿ ಹೆಚ್ಚಿಸುವುದಕ್ಕಿಂತ ಇರುವ ಕೊಠಡಿಯನ್ನು ವಾರದ ನಡುವೆ ತುಂಬಿಸುವ ದಾರಿ ಹುಡುಕುವುದು ಮೇಲು: ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ಬರವಣಿಗೆಗೆ ಕೂರುವವರು, ನಿವೃತ್ತ ದಂಪತಿಗಳು, ಪಕ್ಷಿ ವೀಕ್ಷಕರು. ಇವರು ಗದ್ದಲವಿಲ್ಲದ ದಿನಗಳನ್ನೇ ಬಯಸುತ್ತಾರೆ.

ಜನ ಬರದಿದ್ದಾಗ ದರ ಇಳಿಸಬೇಕೆನಿಸುತ್ತದೆ. ಅದನ್ನೂ ಲೆಕ್ಕ ಮಾಡಿ ನೋಡಿ. 1,800 ಇದ್ದದ್ದನ್ನು 1,500 ಮಾಡಿದಿರಿ, ಅತಿಥಿಗಳು 550ರಲ್ಲೇ ಉಳಿದರು ಎಂದರೆ ಕೈಗೆ ಬರುವುದು 1,15,250 ಮಾತ್ರ. ದರ ಆರರಲ್ಲೊಂದು ಪಾಲು ಇಳಿಯಿತು, ಉಳಿತಾಯ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಮೊದಲಿನಷ್ಟೇ ಹಣ ಬೇಕಾದರೆ 714 ಜನ ಬರಬೇಕು. ಅದೇ ಹಣಕ್ಕೆ ಇನ್ನೂ 164 ಜನರ ರೊಟ್ಟಿ ತಟ್ಟಬೇಕು, ಹಾಸಿಗೆ ಬಟ್ಟೆ ಒಗೆಯಬೇಕು. ಪಕ್ಕದ ಊರಿನವರು ಇಳಿಸಿದರೆಂದು ನೀವೂ ಇಳಿಸುವ ಮುನ್ನ ಒಲೆಯ ಮುಂದಿರುವವರನ್ನು ಕೇಳಿ.

ಮಳೆ, ನೀರು, ಬಿಸಿನೀರು

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಷ್ಟಿಲ್ಲದ ಊರುಗಳಲ್ಲೂ ಪುನರ್ವಸು, ಪುಷ್ಯ ಮಳೆಗಳಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಮೂರು ನಾಲ್ಕು ದಿನ ಬಾರದಿರುವುದು ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಪ್ರವಾಸಿಗರ ಪ್ರವೇಶವನ್ನೇ ಆಡಳಿತ ನಿಲ್ಲಿಸಬೇಕಾಯಿತು. 2019ರಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತು. ಮನೆಗೇನೂ ಆಗದಿದ್ದರೂ ದಾರಿ ಮುಚ್ಚಿದರೆ ವ್ಯವಹಾರ ಮುಚ್ಚಿದಂತೆ. ವರ್ಷದಲ್ಲಿ ಎರಡು ತಿಂಗಳು ಆದಾಯ ಸೊನ್ನೆ ಎಂದೇ ಹಿಡಿದು ಆ ತಿಂಗಳುಗಳ ಖರ್ಚನ್ನು ಮುಂಚಿತವಾಗಿ ಬೇರೆ ಖಾತೆಯಲ್ಲಿಟ್ಟಿರಬೇಕು. ರೆಡ್ ಅಲರ್ಟ್ ಘೋಷಣೆಯಾದರೆ ಮುಂಗಡ ವಾಪಸ್ ಕೊಡುತ್ತೀರೋ ಬೇರೆ ದಿನಾಂಕ ಕೊಡುತ್ತೀರೋ ಎಂಬುದನ್ನು ಬುಕಿಂಗ್ ಮಾಡುವಾಗಲೇ ಬರಹದಲ್ಲಿ ತಿಳಿಸಿ. ನನ್ನ ಅಭಿಪ್ರಾಯದಲ್ಲಿ ಅಂಥ ದಿನ ಪೂರ್ತಿ ಹಣ ಹಿಂತಿರುಗಿಸುವುದೇ ಸರಿ. ಹಣ ಹೋಗುತ್ತದೆಂದು ಯಾರೂ ಪ್ರವಾಹದ ರಾತ್ರಿ ಘಾಟಿ ಇಳಿಯುವ ಸಾಹಸ ಮಾಡಬಾರದು.

ಇಷ್ಟು ಮಳೆ ಬೀಳುವ ಊರಿನಲ್ಲೇ ಏಪ್ರಿಲ್ ಹೊತ್ತಿಗೆ ಬಾವಿ ತಳ ಕಾಣುತ್ತದೆ. ಗ್ರಾಮೀಣ ಕುಡಿಯುವ ನೀರಿನ ಯೋಜನೆಗಳು ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದರೆ ನಗರದ ಮಾನದಂಡ 135 ಲೀಟರ್. ನಿಮ್ಮಲ್ಲಿಗೆ ಬರುವವರು ನಗರದ ಅಭ್ಯಾಸದವರು. ಆರು ಜನಕ್ಕೆ 810 ಲೀಟರ್, ಹಾಸಿಗೆ ಬಟ್ಟೆ ಒಗೆತ ಬೇರೆ. ಏಪ್ರಿಲ್ ಕೊನೆಯ ವಾರ ನಿಮ್ಮ ಬಾವಿ, ಹಳ್ಳ ಅಥವಾ ಕೊಳವೆಬಾವಿ ಇಷ್ಟು ಕೊಡುತ್ತದೆಯೇ ಎಂದು ಒಂದು ಬೇಸಿಗೆ ಪೂರ್ತಿ ಗಮನಿಸಿ. ಶೌಚಗುಂಡಿಯೂ ಐದು ಜನರ ಮನೆಗೆಂದು ಕಟ್ಟಿದ್ದು. ಹನ್ನೊಂದು ಜನಕ್ಕೆ ಅದು ಸಾಲದು. ಹೊಸದು ತೋಡುವಾಗ ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಇರಲಿ.

ಬಿಸಿನೀರಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಸೋಲಾರ್ ಮಳೆಗಾಲದಲ್ಲಿ ನೀರು ಕಾಯಿಸುವುದಿಲ್ಲ, ಕರೆಂಟ್ ಗೀಸರ್ ಕರೆಂಟಿಲ್ಲದಾಗ ನಡೆಯದು. ಹಾಗಾಗಿ ಹಲವರು ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೇ ಹಾಕಿಸುತ್ತಾರೆ. ಇದು ಜೀವ ತೆಗೆಯುವ ತಪ್ಪು. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಹಿಡಿಯುತ್ತದೆ. ಸ್ನಾನಕ್ಕೆ ಹೋದವರಿಗೆ ತಲೆ ಸುತ್ತಿ, ಬಾಗಿಲು ತೆರೆಯುವ ಶಕ್ತಿಯೂ ಉಳಿಯದೆ ಕುಸಿಯುತ್ತಾರೆ. ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗೋಡೆಯ ಆಚೆ, ತೆರೆದ ಗಾಳಿಯಲ್ಲಿರಲಿ, ಒಳಗೆ ನಲ್ಲಿ ಮಾತ್ರ ಬರಲಿ. ಹಂಡೆ ಒಲೆಯಿರುವ ಹಳೆಯ ಬಚ್ಚಲು ಮನೆಯಿದ್ದರೆ ಅದನ್ನು ಕೆಡವಬೇಡಿ. ಹೊಗೆ ಹೋಗುವ ದಾರಿ ಸರಿಯಿದ್ದರೆ ಕರೆಂಟಿಲ್ಲದ ದಿನ ಅದೇ ಆಧಾರ.

ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಬೇಸಿಗೆಗೆ ಪ್ರತಿ ಹಾಸಿಗೆಗೆ ಮೂರು ಜೊತೆ ಬೆಡ್‌ಶೀಟ್ ಸಾಕು: ಹಾಸಿದ್ದೊಂದು, ಒಗೆಯಲು ಹೋದದ್ದೊಂದು, ಕಪಾಟಿನಲ್ಲೊಂದು. ಆಷಾಢ, ಶ್ರಾವಣಕ್ಕೆ ಐದು ಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಾಸನೆ ಹಿಡಿಯುತ್ತದೆ. ಮನೆಯವರಿಗೆ ಅದು ಗೊತ್ತಾಗದು, ಬಂದವರಿಗೆ ಮೊದಲು ಗೊತ್ತಾಗುವುದೇ ಅದು. ದಿಂಬು, ಹಾಸಿಗೆಗೆ ಬೂಷ್ಟು ಹಿಡಿಯದಂತೆ ಖಾಲಿ ಕೊಠಡಿಗಳ ಕಿಟಕಿಯನ್ನು ಮಳೆ ಬಿಟ್ಟಾಗಲೆಲ್ಲ ತೆರೆಯುವ ಅಭ್ಯಾಸವೂ ಬೇಕು.

ಕಾಗದಪತ್ರ

ಇಲ್ಲಿ ಜನ ಭಯಪಡುವಷ್ಟು ಜಟಿಲತೆಯಿಲ್ಲ, ಆದರೆ ಬಿಟ್ಟುಬಿಡಲೂ ಆಗದು. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಿಂದ ಶುರು ಮಾಡಿ. ನೋಂದಣಿ ಅಲ್ಲಿ ಆಗುತ್ತದೆ. ಗ್ರಾಮ ಪಂಚಾಯಿತಿ ಮತ್ತು ಪೊಲೀಸ್ ಠಾಣೆಯ ನಿರಾಕ್ಷೇಪಣಾ ಪತ್ರಗಳು, ಮನೆಯ ದಾಖಲೆಗಳು, ಕೊಠಡಿಗಳ ಫೋಟೊಗಳನ್ನು ಒಂದೇ ಕಡತದಲ್ಲಿ ಜೋಡಿಸಿಟ್ಟುಕೊಂಡರೆ ಓಡಾಟ ಕಡಿಮೆಯಾಗುತ್ತದೆ.

ಜಮೀನಿನ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಂ ಪ್ರಕಾರ ಕೃಷಿ ಜಮೀನಿನಲ್ಲಿ ರೈತರು ತಮ್ಮ ವಾಸಕ್ಕೆ, ಕೃಷಿಯ ಅನುಕೂಲಕ್ಕೆ ಹಿಡುವಳಿಯ ನೂರಕ್ಕೆ ಹತ್ತಕ್ಕೆ ಮೀರದ ಜಾಗದಲ್ಲಿ ತೋಟದ ಮನೆ ಕಟ್ಟಿಕೊಳ್ಳಬಹುದು. ವ್ಯಾಪಾರಕ್ಕೆಂದು ಹೊಸ ಕಟ್ಟಡ ಎಬ್ಬಿಸಬೇಕಾದರೆ ಭೂಪರಿವರ್ತನೆ ಆಗಬೇಕು. ಭದ್ರಾ, ಕುದುರೆಮುಖದಂಥ ರಕ್ಷಿತಾರಣ್ಯಗಳ ಅಂಚಿನಲ್ಲಿ ಪರಿಸರ ಸೂಕ್ಷ್ಮ ವಲಯದ ನಿಯಮಗಳೂ ಇವೆ. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡು ಸೌದೆ, ಮೇವಿಗೆಂದು ಬಿಟ್ಟಿದ್ದ ಬಾಣೆ ಜಮೀನಿಗೂ ಅದರದೇ ಆದ ಕಾನೂನಿನ ಇತಿಹಾಸವಿದೆ. ಪಹಣಿ ನೋಡಿ ಸಲಹೆ ಕೊಡಬಲ್ಲ ಸ್ಥಳೀಯ ವಕೀಲರಿಗೆ ಕೊಡುವ ಶುಲ್ಕ ವ್ಯರ್ಥವಲ್ಲ.

ಬಂದವರೆಲ್ಲರ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ ಪುಸ್ತಕದಲ್ಲಿರಬೇಕು. ವಿದೇಶಿಯರು ತಂಗಿದರೆ ಸಿ ಫಾರ್ಮ್ ಎಂದೇ ಹೆಸರಾದ ವರದಿಯನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಅವರು ನೆಂಟರಂತೆ ಆತ್ಮೀಯರಾಗಿದ್ದರೂ ಇದಕ್ಕೆ ವಿನಾಯಿತಿ ಇಲ್ಲ. ಅಡುಗೆ ಬಡಿಸುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಅದರ ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ಕಾಣುವ ಹಾಗೆ ಹಾಕಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅದಕ್ಕಿಂತ ಕಡಿಮೆಯಿದ್ದು ಬುಕಿಂಗ್ ತಾಣದ ಮೂಲಕ ಅತಿಥಿ ಬಂದರೆ ಆ ತೆರಿಗೆಯನ್ನು ತಾಣವೇ ಕಟ್ಟುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರ ನೂರಕ್ಕೆ 5 ಆಗಿದೆ, ಮೊದಲು 12 ಇತ್ತು. ಪರವಾನಗಿಯಿಲ್ಲದೆ ಮದ್ಯ ಮಾರುವುದು ಅಪರಾಧ, ಬಿಲ್ಲಿನಲ್ಲಿ ಬೇರೆ ಹೆಸರು ಬರೆದರೂ ಅಪರಾಧವೇ. ಮನೆಯ ವಿಮೆಯಿದ್ದರೆ ಹಣ ಕೊಟ್ಟು ತಂಗುವ ಅತಿಥಿಗಳಿರುತ್ತಾರೆಂದು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಮುಚ್ಚಿಟ್ಟರೆ ಬೆಂಕಿ ಬಿದ್ದ ದಿನ ಪರಿಹಾರಕ್ಕೆ ತಕರಾರು ಬರುತ್ತದೆ.

ಊರು ಮತ್ತು ಕಾಡು

ಅತಿಥಿ ಎರಡು ದಿನವಿದ್ದು ಹೋಗುತ್ತಾರೆ, ನೆರೆಮನೆಯವರು ಜೀವಮಾನವಿಡೀ ಇರುತ್ತಾರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ತೋಟದ ನಡುವೆ ರಾತ್ರಿ ಒಂಬತ್ತಕ್ಕೇ ನಿಲ್ಲಿಸುವುದು ಒಳ್ಳೆಯದು. ಮುಂಜಾನೆ ಕೆಲಸಕ್ಕೆ ಏಳಬೇಕಾದ ಲೈನ್ ಮನೆಗಳ ತೋಟದ ಕಾರ್ಮಿಕರು ಪಕ್ಕದಲ್ಲೇ ಮಲಗಿರುತ್ತಾರೆ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನು ಹಳ್ಳಕ್ಕೆ ಎಸೆಯದಂತೆ ಕೊಠಡಿಯಲ್ಲೇ ಬುಟ್ಟಿಯಿಡಿ, ಕುಡಿಯಲು ಕಾಯಿಸಿ ಆರಿಸಿದ ನೀರನ್ನು ಹೂಜಿಯಲ್ಲಿ ಕೊಡಿ. ತರಕಾರಿ, ಮೊಟ್ಟೆ, ಜೇನು, ಜೀಪಿನ ಬಾಡಿಗೆ ಎಲ್ಲವೂ ಊರಿನವರಿಂದಲೇ ಆದರೆ ನಿಮ್ಮ ಮನೆಗೆ ಬರುವ ಕಾರು ಊರಿಗೂ ಬೇಕಾದದ್ದಾಗುತ್ತದೆ.

ಸಕಲೇಶಪುರ, ಆಲೂರು, ಕೊಡಗಿನ ಹಲವೆಡೆ ಆನೆಗಳು ತೋಟದಲ್ಲೇ ಹಗಲು ಕಳೆಯುತ್ತವೆ. ಅವುಗಳ ಚಲನವಲನವನ್ನು ಅರಣ್ಯ ಇಲಾಖೆ ಮೊಬೈಲ್ ಸಂದೇಶದಲ್ಲಿ ತಿಳಿಸುವ ವ್ಯವಸ್ಥೆಯಿರುವ ಕಡೆ ನಿಮ್ಮ ಸಂಖ್ಯೆಯನ್ನು ಸೇರಿಸಿ. ಕತ್ತಲಲ್ಲಿ ಅತಿಥಿಗಳು ಒಂಟಿಯಾಗಿ ತೋಟಕ್ಕಿಳಿಯದಂತೆ ಬಂದ ಕೂಡಲೇ ಹೇಳಿ. ಹಳ್ಳ, ಹೊಳೆ, ಜಲಪಾತದ ವಿಷಯದಲ್ಲಿ ಸಂಕೋಚ ಬೇಡ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏಕಾಏಕಿ ಏರುತ್ತದೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಈಜು ಬಲ್ಲವರೂ ಜಾರುತ್ತಾರೆ. ಹತ್ತಿರದ ಆಸ್ಪತ್ರೆಯ ದೂರ, ಹಾವು ಕಡಿತಕ್ಕೆ ಔಷಧ ಎಲ್ಲಿ ಸಿಗುತ್ತದೆ, ಮೊಬೈಲ್ ಸಿಗ್ನಲ್ ಎಲ್ಲಿ ನಿಂತರೆ ಬರುತ್ತದೆ ಎಂಬುದನ್ನು ಕೊಠಡಿಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಉಂಬಳ (ಜಿಗಣೆ) ಕಚ್ಚಿದರೆ ಗಾಬರಿಯಾಗಬೇಡಿ ಎಂಬ ಸಾಲೂ ಇರಲಿ. ಮೊದಲ ಸಲ ಬಂದವರಿಗೆ ಅದು ದೊಡ್ಡ ಸಮಾಧಾನ.

ಊಟದ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಮನೆಯಲ್ಲಿ ಏನು ಚೆನ್ನಾಗಿ ಆಗುತ್ತದೋ ಅದನ್ನು ಮಾಡಿ. ಮಳೆಗಾಲಕ್ಕೆ ಕಳಲೆ, ಕೆಸುವಿನ ಪತ್ರೊಡೆ. ಬೇಸಿಗೆಗೆ ತಂಬುಳಿ, ಹಲಸಿನಕಾಯಿ ಪಲ್ಯ. ವರ್ಷವಿಡೀ ಅಪ್ಪೆಮಿಡಿ ಉಪ್ಪಿನಕಾಯಿ. ಕೊಡವರ ಮನೆಯಾದರೆ ನೂಪುಟ್ಟು, ಕಾಚಂಪುಳಿ ಹಾಕಿದ ಹಂದಿ ಸಾರು. ಪನೀರ್ ಮಸಾಲೆ, ಗೋಬಿ ಮಂಚೂರಿ ಮಾಡಲು ಹೊರಟರೆ ಸಾಮಾನಿಗೆ ಪೇಟೆಗೆ ಓಡಬೇಕು, ಖರ್ಚು ಏರುತ್ತದೆ, ರುಚಿಯೂ ಪೇಟೆಯ ಹೋಟೆಲಿಗೆ ಸಮನಾಗದು. ಮಕ್ಕಳಿಗೆಂದು ಅನ್ನ, ತಿಳಿಸಾರು, ತುಪ್ಪ ಯಾವಾಗಲೂ ಇದ್ದರೆ ತಾಯಂದಿರು ನೆಮ್ಮದಿಯಿಂದ ಉಣ್ಣುತ್ತಾರೆ. ಯಾರಿಗೆ ಏನು ಒಗ್ಗುವುದಿಲ್ಲ ಎಂದು ಬುಕಿಂಗ್ ದಿನವೇ ಕೇಳಿಟ್ಟುಕೊಳ್ಳಿ.

ಶುರು ಮಾಡುವ ಕ್ರಮ

ಕಾಗದದ ಕೆಲಸಗಳನ್ನು ಮಳೆಗಾಲದಲ್ಲಿ ಮುಗಿಸಿಕೊಂಡು, ಸೆಪ್ಟೆಂಬರ್ ಕೊನೆಗೆ ಒಂದೇ ಒಂದು ಕೊಠಡಿಯಿಂದ ಆರಂಭಿಸುವುದು ನನಗೆ ಸರಿ ಕಾಣುತ್ತದೆ. ಬುಕಿಂಗ್ ತಾಣಗಳಲ್ಲಿ ಹೆಸರು ಹಾಕಲು ಆತುರ ಬೇಡ. ಅಲ್ಲಿ ಮೊದಲ ಹತ್ತು ಜನ ಬರೆಯುವ ಅಭಿಪ್ರಾಯಗಳೇ ಬಹುಕಾಲ ನಿಮ್ಮ ಮುಖವಾಗುತ್ತವೆ. ಕೆಲಸ ಕೈಗೆ ಹತ್ತಿದ ಮೇಲೆ ಹೆಸರು ಹಾಕಿದರೆ ಆ ಹತ್ತೂ ಒಳ್ಳೆಯದಾಗಿರುತ್ತದೆ. ತಾಣದ ಮೂಲಕ ಬಂದವರು ಮತ್ತೆ ಬರುವಾಗ ನೇರವಾಗಿ ಫೋನ್ ಮಾಡುವಂತಾದರೆ ಕಮಿಷನ್ನಿನ ಹಣ ಮನೆಯಲ್ಲೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಹೊರಡುವಾಗ ಕೊಡುವ ಒಂದು ಕಾರ್ಡು ಮತ್ತು ಕರೆ ಬಂದಾಗ ಹೆಸರು ಹಿಡಿದು ಮಾತನಾಡುವ ನೆನಪು.

ಅದಕ್ಕೂ ಮೊದಲು, ಬೇರೆ ಊರಿನ ಒಂದು ಕುಟುಂಬವನ್ನು, ಪರಿಚಯವಿದ್ದರೂ ತೀರಾ ಸಲಿಗೆಯಿಲ್ಲದವರನ್ನು, ಎರಡು ರಾತ್ರಿಗೆ ಕರೆಯಿರಿ. ಪೂರ್ತಿ ದರವನ್ನೇ ತೆಗೆದುಕೊಳ್ಳಿ. ಹಣ ಕೊಟ್ಟವರು ಮಾತ್ರ ನಿಜ ಹೇಳುತ್ತಾರೆ. ಊಟ ಹೇಗಿತ್ತು ಎಂದು ಕೇಳಬೇಡಿ, ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ರಾತ್ರಿ ಏನೇನು ಹುಡುಕಬೇಕಾಯಿತು ಎಂದು ಕೇಳಿ. ಮಲಗಿದಲ್ಲಿಂದ ದೀಪದ ಸ್ವಿಚ್ ಕೈಗೆ ಸಿಗಲಿಲ್ಲ, ಬಚ್ಚಲಿನಲ್ಲಿ ಒಣಬಟ್ಟೆ ನೇತುಹಾಕಲು ಮೊಳೆಯಿಲ್ಲ, ಎರಡನೆಯ ಕಂಬಳಿ ಎಲ್ಲಿದೆಯೆಂದು ಗೊತ್ತಾಗಲಿಲ್ಲ, ಬಿಸಿನೀರು ಯಾವ ನಲ್ಲಿಯಲ್ಲಿ ಬರುತ್ತದೆಂದು ತಿಳಿಯಲಿಲ್ಲ, ಕರೆಂಟ್ ಹೋದಾಗ ಟಾರ್ಚ್ ಇರಲಿಲ್ಲ ಎಂಬಂಥ ಉತ್ತರಗಳು ಬರುತ್ತವೆ. ಅವನ್ನು ಬರೆದುಕೊಂಡು, ಮುಂದಿನ ಅತಿಥಿ ಬರುವುದರೊಳಗೆ ಒಂದೊಂದನ್ನೇ ಸರಿಪಡಿಸಿ.